ಕುದುರೆಗಳ ಮಿದುಳಿನಲ್ಲಿ ಬೆಳೆಯುವ ಗಂಟುಗಳೂ ಅವುಗಳಿಂದುಂಟಾಗುವ ಸ್ವಭಾವವ್ಯತ್ಯಾಸವೂ

ಪೀಠಿಕೆ

ನಮ್ಮ ನಾಡಿನ ಬೇಸಾಯಗಾರರು ಪೂರ್ವದಿಂದಲೂ ಎತ್ತುಗಳನ್ನು ನೆಚ್ಚಿಕೊಂಡು ಬಂದವರೇ ಹೊರತು ಕುದುರೆಗಳನ್ನಲ್ಲ. ಆದಾಗ್ಯೂ ಕುದುರೆಯು ನಮ್ಮ ಗ್ರಾಮಗಳಿಗೆ ಅಪರಿಚಿತವಾದ ಪ್ರಾಣಿಯಲ್ಲ. ಉತ್ತರದ ಜಿಲ್ಲೆಗಳಲ್ಲಿ ಮಂದೆಗಳೊಡನೆ ಊರಿಂದೂರಿಗೆ ಸಂಚರಿಸುವ ಕುರುಬರು ತಮ್ಮ ಸಾಮಾನು ಸರಂಜಾಮುಗಳನ್ನು ತಟ್ಟುಗಳ ಮೇಲೆ ಹೇರಿಕೊಂಡು ಹೋಗುವುದುಂಟು. ಮೈಸೂರಿನಲ್ಲಿ ಟಾಂಗಾಗಳು ಇನ್ನೂ ಕಾಣಸಿಗುತ್ತವೆ. ಟಿಪ್ಪುಸುಲ್ತಾನನ ಕಾಲದಲ್ಲಿ ಕುಣಿಗಲಿನಲ್ಲಿ ಸ್ಥಾಪಿತವಾದ ಅಶ್ವಶಾಲೆಯ ಹೆಸರು ದೇಶದಲ್ಲೆಲ್ಲ ಪ್ರಸಿದ್ಧವಾದುದು. ಉತ್ಸವಕ್ಕೆಂದೂ ಸವಾರಿಗೆಂದೂ ಒಂದೆರಡು ಕುದುರೆಗಳನ್ನು ಸಾಕಿಕೊಂಡಿರುವ ಜಮೀನುದಾರರೂ ಇದ್ದಾರೆ.

ಹೀಗೆ ಸಾಕಿದ ಕುದುರೆಗಳಲ್ಲಿ ಕೆಲವು, ಬಹುಕಾಲ ಸಾಧುವಾಗಿದ್ದು, ಒಡೆಯನ ಧ್ವನಿಗೇ ಕಿವಿಗೊಡುತ್ತಿದ್ದು, ಕ್ರಮೇಣ ಬೇರೆಯೇ ಪ್ರಾಣಿಗಳಂತೆ ವರ್ತಿಸತೊಡಗುವುದುಂಟು. ಮುಟ್ಟಿದರೆ ಕಚ್ಚಬರುತ್ತವೆ, ಇಲ್ಲವೇ ಎಷ್ಟು ಗದರಿದರೂ ಕಲ್ಲಿನಂತೆ ನಿಲ್ಲುತ್ತವೆ, ಒಂದೇ ಕಡೆಗೆ ಸುತ್ತುತ್ತವೆ, ಗೋಡೆಗೆ ಹಣೆಯನ್ನು ಒತ್ತಿಕೊಂಡು ಗಳಿಗೆಗಟ್ಟಲೆ ನಿಂತಿರುತ್ತವೆ. ಇಂಥ ಸಂದರ್ಭದಲ್ಲಿ ಜನರು ಅವಲಂಬಿಸುವ ಉಪಾಯಗಳು ಮೂರು: ಮೊದಲು ಚಾವಟಿ, ಅನಂತರ ತಾಯಿತ, ಕಡೆಗೆ ಜಾತ್ರೆಯಲ್ಲಿ ಮಾರಾಟ. ಈ ಮೂರೂ ತಪ್ಪೆಂಬುದನ್ನೂ, ಸ್ವಭಾವದ ಬದಲಾವಣೆಯು ಅನೇಕ ವೇಳೆ ಮಿದುಳಿನ ರೋಗದ ಗುರುತೆಂಬುದನ್ನೂ, ಆ ಗುರುತನ್ನು ತಾತ್ಸಾರ ಮಾಡಿದರೆ ಪಶುವಿಗೆ ಮಾತ್ರವಲ್ಲದೆ ಮನುಷ್ಯರ ಪ್ರಾಣಕ್ಕೂ ಅಪಾಯವೊದಗಬಹುದೆಂಬುದನ್ನೂ ತಿಳಿಯಪಡಿಸುವುದೇ ಈ ಪಾಠದ ಉದ್ದೇಶ.

ಮಿದುಳಿನ ರಚನೆ

ರೋಗವನ್ನು ತಿಳಿಯುವುದಕ್ಕೆ ಮೊದಲು ಅವಯವವನ್ನು ತಿಳಿಯಬೇಕು. ದೊಡ್ಡ ಕುದುರೆಯ ದೇಹವು 400 ಅಥವಾ 500 ಕಿಲೋಗ್ರಾಂ ತೂಗಿದರೂ ಅದರ ಮಿದುಳಿನ ತೂಕವು ಸುಮಾರು 600 ಗ್ರಾಂ ಮಾತ್ರ. ಅಷ್ಟು ದೊಡ್ಡ ದೇಹದ ನಡೆ, ನೋಟ, ನಿದ್ರೆ, ಹಸಿವು, ಭಯ, ವಿಧೇಯತೆ ಎಲ್ಲವೂ ಈ ಸಣ್ಣ ಅವಯವದ ಅಧೀನದಲ್ಲಿವೆ. ಇದು ಗಟ್ಟಿಯಾದ ಎಲುಬಿನ ಪೆಟ್ಟಿಗೆಯೊಳಗೆ ಅಡಕವಾಗಿದೆ. ಆ ಪೆಟ್ಟಿಗೆಯು ಹಿಗ್ಗುವುದಿಲ್ಲ. ಹೊಟ್ಟೆಯಲ್ಲಿ ಒಂದು ಗಂಟು ಬೆಳೆದರೆ ಹೊಟ್ಟೆಯು ಉಬ್ಬಿ ಅದಕ್ಕೆ ಎಡೆಗೊಡುತ್ತದೆ. ತಲೆಬುರುಡೆಯಲ್ಲಿ ಬೆಳೆದರೆ ಎಡೆಯಿಲ್ಲದುದರಿಂದ ಗಂಟು ಮಿದುಳನ್ನೇ ಒತ್ತುತ್ತದೆ. ಬೇರೆಡೆಯಲ್ಲಿದ್ದರೆ ಯಾರೂ ಲಕ್ಷಿಸದಷ್ಟು ಚಿಕ್ಕದಾದ ಗಂಟು ಇಲ್ಲಿ ಮಾರಕವಾಗುವುದು ಈ ಕಾರಣದಿಂದಲೇ.

ಮಿದುಳಿನ ಒಳಗೆ ಒಂದಕ್ಕೊಂದು ಸೇರಿಕೊಂಡಿರುವ ನಾಲ್ಕು ಪೊಳ್ಳುಗಳಿವೆ. ಇವುಗಳಲ್ಲಿ ತಿಳಿನೀರಿನಂಥ ದ್ರವವು ಸದಾ ಉತ್ಪತ್ತಿಯಾಗಿ, ಮುಂದಿನ ಪೊಳ್ಳುಗಳಿಂದ ಹಿಂದಿನದಕ್ಕೆ ಹರಿದು, ಅಲ್ಲಿಂದ ಮಿದುಳಿನ ಹೊರಮೈಗೆ ಬಂದು, ಕೊನೆಗೆ ರಕ್ತದಲ್ಲಿ ಸೇರಿಹೋಗುತ್ತದೆ. ಈ ದ್ರವವನ್ನು ಸುರಿಸತಕ್ಕವು ಪೊಳ್ಳುಗಳ ಒಳಗಡೆ ಇರುವ, ಸೂಕ್ಷ್ಮ ರಕ್ತನಾಳಗಳಿಂದ ಹೆಣೆದ ಕುಚ್ಚುಗಳು. ಗದ್ದೆಗೆ ನೀರು ಹಾಯಿಸುವವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಕಾಲುವೆಯ ಇಕ್ಕಟ್ಟಾದ ಕಡೆಯಲ್ಲಿ ಅಡ್ಡಿಯುಂಟಾದರೆ ಮೇಲಿನ ಭಾಗದಲ್ಲಿ ನೀರು ನಿಂತು ಏರಿಯ ಮೇಲೆ ಒತ್ತಡ ಹೆಚ್ಚುವಂತೆ, ಈ ದ್ರವದ ದಾರಿಯು ಮುಚ್ಚಿದರೆ ಪೊಳ್ಳುಗಳು ಉಬ್ಬಿ, ಸುತ್ತಣ ಮಿದುಳು ತೆಳ್ಳಗಾಗುತ್ತದೆ.

ಮುದಿ ಕುದುರೆಗಳ ಕೊಲೆಸ್ಟೆರಾಲ್ ಗಂಟು

ಮೇಲೆ ಹೇಳಿದ ರಕ್ತನಾಳದ ಕುಚ್ಚುಗಳಲ್ಲಿಯೇ ಕುದುರೆಗಳಿಗೆ ವಿಶೇಷವಾದ ಒಂದು ಗಂಟು ಬೆಳೆಯುತ್ತದೆ. ವಯಸ್ಸಾದ ಕುದುರೆಗಳಲ್ಲಿ ಈ ಕುಚ್ಚುಗಳೊಳಗೆ ಆಗಾಗ್ಗೆ ರಕ್ತವು ನಿಂತು ಅಲ್ಪಸ್ವಲ್ಪ ಒಸರುವುದರಿಂದ, ನಶಿಸಿದ ರಕ್ತಕಣಗಳಲ್ಲಿದ್ದ ಕೊಲೆಸ್ಟೆರಾಲ್ ಎಂಬ ಕೊಬ್ಬಿನಂಶವು ಅಲ್ಲಿಯೇ ಹರಳುಗಟ್ಟುತ್ತದೆ. ಕಾಲಿಗೆ ಹೊಕ್ಕ ಮುಳ್ಳಿನ ಸುತ್ತಲೂ ಮಾಂಸವು ಗಟ್ಟಿಯಾಗುವಂತೆ, ದೇಹವು ಈ ಹರಳುಗಳನ್ನು ಹೊರಗಿನ ವಸ್ತುವೆಂದೇ ಎಣಿಸಿ ಸುತ್ತಲೂ ನಾರುಮಾಂಸವನ್ನು ಬೆಳೆಸುತ್ತದೆ. ಹೀಗೆ ಹಳದಿ ಮಿಶ್ರಿತ ಕಂದುಬಣ್ಣದ, ಕೊಯ್ದು ನೋಡಿದರೆ ಒಳಗೆ ಹೊಳೆಯುವ ಹರಳುಗಳುಳ್ಳ ಗಂಟು ಉಂಟಾಗುತ್ತದೆ. ಇದು ಕ್ಯಾನ್ಸರಿನಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಹಬ್ಬುವುದಲ್ಲ. ಇತರ ಕುದುರೆಗಳಿಗೆ ಅಂಟುವುದೂ ಅಲ್ಲ.

ಮೃತಪಟ್ಟ ಮುದಿ ಕುದುರೆಗಳನ್ನು ಕೊಯ್ದು ಪರೀಕ್ಷಿಸಿದ ವೈದ್ಯರು ನೂರರಲ್ಲಿ 15ರಿಂದ 20 ಕುದುರೆಗಳಲ್ಲಿ ಇಂಥ ಗಂಟುಗಳನ್ನು ಕಂಡಿದ್ದಾರೆ. ಆದರೆ ಇವುಗಳಲ್ಲಿ ಬಹುಪಾಲು ಕುದುರೆಗಳು ಬದುಕಿದ್ದಾಗ ಯಾವ ರೋಗಲಕ್ಷಣವನ್ನೂ ತೋರಿರಲಿಲ್ಲ. ಹಿಂದಿನ ಪೊಳ್ಳಿನಲ್ಲಿರುವ ಗಂಟುಗಳು ಸಾಮಾನ್ಯವಾಗಿ ಚಿಕ್ಕವಾಗಿದ್ದು ನಿರುಪದ್ರವಿಗಳಾಗಿರುತ್ತವೆ. ಮುಂದಿನ ಎರಡು ಪೊಳ್ಳುಗಳಲ್ಲಿರುವವು ಕೆಲವು ವೇಳೆ ಕೋಳಿಮೊಟ್ಟೆಯ ಗಾತ್ರಕ್ಕೆ ಬೆಳೆದು ದ್ರವದ ದಾರಿಯನ್ನು ಮುಚ್ಚುತ್ತವೆ. ಕುದುರೆಯ ನಡತೆಯು ಕೆಡುವುದು ಆಗಲೇ.

ಲಕ್ಷಣಗಳು

ಮಿದುಳಿನ ಮುಂಭಾಗವು ಒತ್ತಲ್ಪಟ್ಟಾಗ ಕಾಣತಕ್ಕ ಗುರುತುಗಳು ಈ ಕೆಳಗಿನವು. ಎಲ್ಲವೂ ಒಂದೇ ಕುದುರೆಯಲ್ಲಿ ಕಾಣುವುದಿಲ್ಲ. ಕಂಡವೂ ಕೆಲವು ದಿನ ಹೆಚ್ಚಿ, ಕೆಲವು ದಿನ ಇಳಿದು, ಪುನಃ ಮರುಕಳಿಸುವುದುಂಟು.

ಮೊದಲನೆಯದು ಮಂಕು. ಕುದುರೆಯು ತಲೆಯನ್ನು ತಗ್ಗಿಸಿ, ಕಣ್ಣನ್ನು ಅರೆಮುಚ್ಚಿ, ತೂಕಡಿಸುವಂತೆ ನಿಂತಿರುತ್ತದೆ. ಎರಡನೆಯದು ಮರೆವು. ಬಾಯಿತುಂಬ ಹುಲ್ಲನ್ನು ಕಚ್ಚಿಕೊಂಡು, ಅಗಿಯುವುದನ್ನೇ ಮರೆತು, ಎಸಳುಗಳು ತುಟಿಯಿಂದ ಜೋತಾಡುತ್ತಿದ್ದರೂ ಹಾಗೆಯೇ ನಿಲ್ಲುತ್ತದೆ. ನೀರು ಕುಡಿಯುವಾಗ ಮೂಗಿನ ಹೊಳ್ಳೆಗಳು ಮುಳುಗುವವರೆಗೂ ಮೂತಿಯನ್ನು ಅದ್ದುವುದೂ ಉಂಟು. ಮೂರನೆಯದು ನಡಿಗೆಯ ವ್ಯತ್ಯಾಸ. ಒಂದೇ ಕಡೆಗೆ ಚಕ್ರಾಕಾರವಾಗಿ ಸುತ್ತುವುದು, ಗುರಿಯಿಲ್ಲದೆ ನಡೆದು ಬೇಲಿಗೋ ಗೋಡೆಗೋ ತಾಗುವುದು, ಹಣೆಯನ್ನು ಒತ್ತಿಕೊಂಡು ನಿಲ್ಲುವುದು, ತೂರಾಡುವುದು ಇವು ಇದರ ಪ್ರಭೇದಗಳು. ಸಾಮಾನ್ಯವಾಗಿ ಗಂಟು ಯಾವ ಪಾರ್ಶ್ವದಲ್ಲಿದೆಯೋ ಆ ಕಡೆಗೆ ಪ್ರಾಣಿಯು ಸುತ್ತುತ್ತದೆ. ದೃಷ್ಟಿಯು ಕುಂದುವುದಾದರೆ ಎದುರು ಪಾರ್ಶ್ವದ ಕಣ್ಣಿನಲ್ಲಿ ಕುಂದುತ್ತದೆ. ನಾಲ್ಕನೆಯದು ಗುಣದ ವಿಪರ್ಯಾಸ. ಸಾಧುವಾದುದು ಸಿಡುಕುತ್ತದೆ; ಚುರುಕಾದುದು ಜಡವಾಗುತ್ತದೆ. ಐದನೆಯದು ಮೂರ್ಛೆ ಬಂದು ಬಿದ್ದು ಕಾಲುಗಳನ್ನು ಒದರುವುದು.

ಕುರಿಗಳನ್ನು ಸಾಕಿದವರಿಗೆ ಈ ಸುತ್ತಾಟವು ಹೊಸದಲ್ಲ. ನಾಯಿಯ ಕರುಳಿನ ಲಾಡಿಹುಳುವಿನ ಮೊಟ್ಟೆಗಳು ಮೇವಿನೊಡನೆ ಕುರಿಯ ಹೊಟ್ಟೆಗೆ ಸೇರಿದಾಗ, ಅದರ ಮರಿಯು ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆದು ಕುರಿಯು ಒಂದೇ ಕಡೆಗೆ ಸುತ್ತುತ್ತದೆ. ಕುದುರೆಯ ಗಂಟಿಗೆ ಹುಳುವು ಕಾರಣವಲ್ಲ. ಆದರೂ ಒತ್ತಡವೊಂದೇ ಆದುದರಿಂದ ಗುರುತೂ ಒಂದೇ. ಸುತ್ತುವ ಕುರಿಯನ್ನು ಕೆಟ್ಟಬುದ್ಧಿಯ ಕುರಿಯೆಂದು ಯಾವ ಕುರುಬನೂ ಹೊಡೆಯುವುದಿಲ್ಲ. ಕುದುರೆಯ ವಿಷಯದಲ್ಲಿಯೂ ಅದೇ ವಿವೇಕವು ಬೇಕು.

ಜರ್ಮನಿಯ ಒಂದು ಕಾನೂನು

ಕುದುರೆಗಳಿಂದಲೇ ಉಳುಮೆ ಮಾಡುತ್ತಿದ್ದ ಯೂರೋಪಿನ ರೈತರಿಗೆ ಈ ವ್ಯಾಧಿಯು ಬಹಳ ಹಿಂದಿನಿಂದಲೂ ಪರಿಚಿತವಾಗಿತ್ತು. ಜರ್ಮನಿಯಲ್ಲಿ ಇದಕ್ಕೆ ಡುಮ್‌ಕೊಲ್ಲರ್ ಎಂದು ಹೆಸರು. ವಾಸಿಯಾಗದ ಮಿದುಳುರೋಗದಿಂದ ಕುದುರೆಯ ಪ್ರಜ್ಞೆಯು ಕುಗ್ಗಿರುವುದು ಎಂದು ಇದರ ಅಭಿಪ್ರಾಯ. ಅಲ್ಲಿನ ಪಶುವೈದ್ಯರು ಇದನ್ನು ಕಂಡುಹಿಡಿಯಲು ಸುಲಭವಾದ ಪರೀಕ್ಷೆಗಳನ್ನು ಮಾಡುತ್ತಿದ್ದರು. ಕುದುರೆಯ ಮುಂಗಾಲುಗಳನ್ನು ಒಂದರ ಮೇಲೊಂದು ಅಡ್ಡವಾಗಿ ಇಟ್ಟರೆ ಆರೋಗ್ಯವಾದ ಪ್ರಾಣಿಯು ತತ್‌ಕ್ಷಣವೇ ಸರಿಪಡಿಸಿಕೊಳ್ಳುತ್ತದೆ. ರೋಗಿಯು ಹಾಗೆಯೇ ನಿಂತಿರುತ್ತದೆ. ಕಿವಿಯೊಳಗೆ ಬೆರಳನ್ನಿಟ್ಟರೆ ಆರೋಗ್ಯವಾದುದು ತಲೆಯನ್ನು ಕೊಡಹುತ್ತದೆ, ರೋಗಿಯು ಲಕ್ಷಿಸುವುದಿಲ್ಲ. ಹುಲ್ಲು ತುಟಿಯಿಂದ ಜೋತಾಡುವುದನ್ನು ಅವರು ಹೊಗೆಸೇದುವ ಕೊಳವೆಗೆ ಹೋಲಿಸಿದ್ದರು.

ಕುದುರೆಯ ಮಿದುಳುರೋಗವು ವ್ಯಾಪಾರದಲ್ಲಿ ಮೋಸಕ್ಕೆ ಅವಕಾಶ ಕೊಡುತ್ತದೆಂಬುದನ್ನು ಮನಗಂಡು ಅಲ್ಲಿನ ಸರ್ಕಾರವು 1899ನೆಯ ಇಸವಿ ಮಾರ್ಚಿ 27ರ ಆಜ್ಞೆಯಲ್ಲಿ ಕುದುರೆಗಳ ಆರು ಮುಖ್ಯ ದೋಷಗಳಲ್ಲಿ ಡುಮ್‌ಕೊಲ್ಲರನ್ನೂ ಸೇರಿಸಿತು. ಕುದುರೆಯನ್ನು ಕೊಂಡ 14 ದಿನಗಳೊಳಗೆ ಈ ದೋಷವು ಕಂಡುಬಂದರೆ ಅದು ಮಾರುವಾಗಲೇ ಇದ್ದಿತೆಂದು ಎಣಿಸಿ ಮಾರಿದವನನ್ನು ಹೊಣೆ ಮಾಡಲಾಗುತ್ತಿತ್ತು. 1900ರಲ್ಲಿ ಜಾರಿಗೆ ಬಂದ ಈ ಏರ್ಪಾಡು 2001ರ ಕೊನೆಯವರೆಗೂ, ಎಂದರೆ ಒಂದು ಶತಮಾನಕ್ಕೂ ಮೀರಿ ನಡೆದುಬಂದಿತು. ನಮ್ಮಲ್ಲಿ ಕುದುರೆಯನ್ನು ಕೊಳ್ಳುವವರು ಸುಳಿಗಳನ್ನು ಎಣಿಸುತ್ತಾರೆ, ಹಲ್ಲನ್ನು ನೋಡುತ್ತಾರೆ, ಬಣ್ಣವನ್ನು ವಿಚಾರಿಸುತ್ತಾರೆ. ಹಲ್ಲಿನಿಂದ ವಯಸ್ಸು ತಿಳಿಯುವುದು ನಿಜ. ಸುಳಿಯಿಂದ ಮಿದುಳಿನ ಸ್ಥಿತಿಯು ತಿಳಿಯುವುದಿಲ್ಲ. ಅದರ ಬದಲು ಒಂದು ಹೊತ್ತು ಕುದುರೆಯ ಮುಂದೆ ನಿಂತು ಅದು ಮೇಯುವ, ಕುಡಿಯುವ, ತಿರುಗುವ ಬಗೆಯನ್ನು ನೋಡಿದರೆ ಹೆಚ್ಚು ಪ್ರಯೋಜನವುಂಟು.

ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ

ಮಿದುಳಿನ ತಳಭಾಗದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯೊಂದಿದೆ. ದೇಹದ ಅನೇಕ ರಸಗಳನ್ನು ನಿಯಂತ್ರಿಸತಕ್ಕದ್ದು ಇದು. ಈ ಗ್ರಂಥಿಯ ನಡುಭಾಗವನ್ನು ಮಿದುಳಿನ ಕೆಲವು ನರಗಳು ಡೋಪಮೀನ್ ಎಂಬ ರಸದ ಮೂಲಕ ಹದ್ದಿನಲ್ಲಿಟ್ಟಿರುತ್ತವೆ. ಮುಪ್ಪಿನಲ್ಲಿ ಆ ನರಗಳು ಕ್ಷೀಣಿಸಿದಾಗ, ಕಾವಲುಗಾರನಿಲ್ಲದ ತೋಟದಂತೆ ಗ್ರಂಥಿಯ ನಡುಭಾಗವು ಬೆಳೆದು ಗಡ್ಡೆಯಾಗುತ್ತದೆ ಮತ್ತು ಅತಿಯಾಗಿ ರಸಗಳನ್ನು ಸುರಿಸುತ್ತದೆ. 15 ವರ್ಷ ಮೀರಿದ ಕುದುರೆಗಳಲ್ಲಿ ಹೆಚ್ಚುಕಡಿಮೆ ಐದಕ್ಕೆ ಒಂದರಲ್ಲಿ ಈ ವ್ಯಾಧಿಯಿರುವುದಾಗಿ ವಿದೇಶಗಳಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ತಟ್ಟುಗಳೂ ಇದಕ್ಕೆ ಹೊರತಲ್ಲ.

ಇದರ ಗುರುತುಗಳು ಬರಿಯ ಕಣ್ಣಿಗೇ ಕಾಣತಕ್ಕವು. ಉದುರಬೇಕಾದ ಕೂದಲು ಉದುರದೆ ಉದ್ದವಾಗಿ ಗುಂಗುರಾಗುತ್ತದೆ. ಬೆನ್ನಿನ ಮಾಂಸವು ಕರಗಿ ಹೊಟ್ಟೆಯು ಜೋಲುತ್ತದೆ. ನೀರಡಿಕೆಯೂ ಮೂತ್ರವೂ ಹೆಚ್ಚುತ್ತವೆ. ಗಾಯಗಳು ಬೇಗ ಮಾಯುವುದಿಲ್ಲ. ಕುದುರೆಯು ಉತ್ಸಾಹವನ್ನು ಕಳೆದುಕೊಂಡು ಮಂಕಾಗಿರುತ್ತದೆ. ಗಡ್ಡೆಯು ಬಹಳ ದೊಡ್ಡದಾದರೆ ಪಕ್ಕದಲ್ಲಿರುವ ಕಣ್ಣಿನ ನರವನ್ನು ಒತ್ತಿ ಕುರುಡುತನವನ್ನು ತರುವುದುಂಟಾದರೂ ಅದು ಅಪರೂಪ. ಇವೆಲ್ಲಕ್ಕಿಂತ ಹೆಚ್ಚು ಹಿಂಸೆ ಕೊಡುವುದು ಗೊರಸಿನೊಳಗಿನ ಉರಿಯೂತ. ಇದರಿಂದ ಕುದುರೆಯು ಹೆಜ್ಜೆಯಿಡಲಾರದೆ, ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂಗಾಲುಗಳ ಮೇಲೆ ಹಾಕಿ ನಿಲ್ಲುತ್ತದೆ. ಇದನ್ನು ಸೋಮಾರಿತನವೆಂದು ತಿಳಿದು ಗಾಡಿಗೆ ಹೂಡುವುದು ಕ್ರೌರ್ಯವೇ ಸರಿ.

ಈ ಪಾಠದಲ್ಲಿ ಹೇಳಿದ ಬೆಳವಣಿಗೆಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಒಳಪಡುವುದು ಇದೊಂದೇ. ರಕ್ತಪರೀಕ್ಷೆಯಿಂದ ರೋಗವನ್ನು ನಿಶ್ಚಯಿಸಬಹುದು. ಪರ್ಗೊಲೈಡ್ ಎಂಬ ಔಷಧವನ್ನು ಪಶುವೈದ್ಯರ ಸೂಚನೆಯಂತೆ ಪ್ರತಿದಿನವೂ ಬಾಯಿಯ ಮೂಲಕ ಕೊಟ್ಟರೆ ಅನೇಕ ಕುದುರೆಗಳು ವರ್ಷಗಟ್ಟಲೆ ಸುಖವಾಗಿರುತ್ತವೆ. ರೋಗವು ಬೇರುಸಹಿತ ಹೋಗುವುದಿಲ್ಲವಾದುದರಿಂದ ಔಷಧವನ್ನು ಆಯುಷ್ಯವಿರುವವರೆಗೂ ನಿಲ್ಲಿಸಬಾರದು.

ಇತರ ಗಡ್ಡೆಗಳು

ಮಿದುಳಿನ ಸ್ವಂತ ಕಣಗಳಿಂದ ಹುಟ್ಟುವ ಗಡ್ಡೆಗಳು ನಾಯಿಗಳಲ್ಲಿ ಕಾಣುವಷ್ಟು ಕುದುರೆಗಳಲ್ಲಿ ಕಾಣುವುದಿಲ್ಲ. ಅವು ಬಹಳ ವಿರಳ. ಆದರೆ ಬೂದುಬಣ್ಣದ ಕುದುರೆಗಳನ್ನಿಟ್ಟಿರುವವರು ಒಂದು ವಿಷಯವನ್ನು ತಿಳಿದಿರಬೇಕು. ಎಳವೆಯಲ್ಲಿ ಕಪ್ಪಾಗಿಯೋ ಕಂದಾಗಿಯೋ ಇದ್ದು ಪ್ರಾಯ ಕಳೆದಂತೆ ಬೆಳ್ಳಗಾಗುವ ಈ ಕುದುರೆಗಳಲ್ಲಿ, 15 ವರ್ಷ ಮೀರಿದವುಗಳ ಪೈಕಿ ನೂರಕ್ಕೆ ಸುಮಾರು 80ರಲ್ಲಿ ಬಾಲದ ಕೆಳಗೂ ಗುದದ ಸುತ್ತಲೂ ಕಪ್ಪು ಗಂಟುಗಳೇಳುತ್ತವೆ. ಬಹುಕಾಲ ನಿರುಪದ್ರವಿಗಳಾಗಿದ್ದರೂ ಕೆಲವು ಒಳಗಿನ ಅವಯವಗಳಿಗೂ, ಅಪೂರ್ವವಾಗಿ ಬೆನ್ನುಹುರಿಗೂ ಮಿದುಳಿಗೂ ಹಬ್ಬುವುದುಂಟು. ಅಲ್ಲದೆ, ಗಂಟಲಿನ ಕೆಳಗೆ ಕೀವುಗಂಟುಗಳೇಳುವ ಸ್ಟ್ರಾಂಗಲ್ಸ್ ಎಂಬ ಸಾಂಕ್ರಾಮಿಕ ರೋಗವು ಬಂದುಹೋದ ಮೇಲೆ ಆ ಕೀವು ಅಪರೂಪವಾಗಿ ಮಿದುಳಿನಲ್ಲಿಯೂ ಕಟ್ಟಿಕೊಳ್ಳಬಹುದು. ಎಳೆಯ ಕುದುರೆಯು ಆ ರೋಗದಿಂದ ಎದ್ದ ಕೆಲವು ವಾರಗಳಲ್ಲಿ ಸುತ್ತತೊಡಗಿದರೆ ಈ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಗಂಟಿಲ್ಲದೆಯೂ ಇದೇ ಗುರುತುಗಳು

ವಾಚಕರು ಈ ಭಾಗವನ್ನು ವಿಶೇಷ ಗಮನವಿಟ್ಟು ಓದಬೇಕು. ಏತಕ್ಕೆಂದರೆ, ಕುದುರೆಯ ನಡತೆ ಕೆಟ್ಟಾಗ ಮೊದಲು ಶಂಕಿಸಬೇಕಾದುದು ಗಂಟನ್ನಲ್ಲ. ರೇಬೀಸ್ ಎಂಬ ಹುಚ್ಚುರೋಗವನ್ನು. ಹುಚ್ಚುನಾಯಿಯು ಕಚ್ಚಿದ ಕೆಲವು ವಾರಗಳಿಂದ ಕೆಲವು ತಿಂಗಳುಗಳ ಮೇಲೆ ರೋಗವು ತೋರುತ್ತದೆ. ಅಷ್ಟು ಹೊತ್ತಿಗೆ ಕಡಿತವು ಮಾಯ್ದು ಮರೆತೇಹೋಗಿರಬಹುದು. ಕುದುರೆಗಳಲ್ಲಿ ಈ ರೋಗವು ಬಹುರೂಪಿ. ಒಂದು ಹೊಟ್ಟೆಶೂಲೆಯಂತೆ ಹೊರಳಾಡುತ್ತದೆ, ಮತ್ತೊಂದು ಕುಂಟುತ್ತದೆ, ಬೇರೊಂದು ಕಚ್ಚಿಸಿಕೊಂಡ ಜಾಗವನ್ನೇ ತಾನು ಕಚ್ಚಿಕೊಳ್ಳುತ್ತದೆ, ಇನ್ನೊಂದು ಮಂಕಾಗಿ ನಿಂತು, ನುಂಗಲಾರದೆ ಜೊಲ್ಲು ಸುರಿಸುತ್ತದೆ. ಗಂಟಿನ ರೋಗವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮೆಲ್ಲಗೆ ಬೆಳೆಯುವುದು ಸಾಮಾನ್ಯ. ರೇಬೀಸ್ ದಿನದಿನಕ್ಕೂ ಹೆಚ್ಚಿ, ಗುರುತು ಕಂಡ ಹತ್ತು ದಿನಗಳೊಳಗಾಗಿ ಪ್ರಾಯಶಃ ಸಾವಿನಲ್ಲಿ ಮುಗಿಯುತ್ತದೆ. ಆದರೆ ಮೊದಲ ದಿನ ಇವೆರಡನ್ನೂ ನೋಟದಿಂದ ಬೇರ್ಪಡಿಸಲು ಯಾರಿಗೂ ಸಾಧ್ಯವಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಜೊಲ್ಲು ಸುರಿಸುವ ಕುದುರೆಯ ಬಾಯಿಗೆ ಬರಿಗೈ ಹಾಕುವುದು ಪ್ರಾಣಾಪಾಯಕರ.

ಎರಡನೆಯದು ಬೂಷ್ಟು ಹಿಡಿದ ಮೆಕ್ಕೆಜೋಳ. ಉತ್ತರದ ಜಿಲ್ಲೆಗಳಲ್ಲಿ ಗೋವಿನಜೋಳವೆಂದು ಕರೆಯುವ ಈ ಧಾನ್ಯವು ಒದ್ದೆಯಾಗಿ ಬೂಷ್ಟು ಬಂದಾಗ ಫ್ಯುಮೋನಿಸಿನ್ ಎಂಬ ವಿಷವು ಅದರಲ್ಲಿ ಉತ್ಪತ್ತಿಯಾಗಬಹುದು. ದನಗಳು ಇದನ್ನು ಒಂದಿಷ್ಟು ತಡೆದುಕೊಳ್ಳುತ್ತವೆ, ಕುದುರೆಯು ತಡೆಯಲಾರದು. ಮಿದುಳಿನ ಬಿಳಿಯ ಭಾಗವು ಕರಗಿ, ಕುದುರೆಯು ಕುರುಡಾಗಿ, ಸುತ್ತುತ್ತ, ಕೆಲವೇ ದಿನಗಳಲ್ಲಿ ಸಾಯುತ್ತದೆ. ದನಕ್ಕೆ ಹಾಕಿದರೆ ಏನೂ ಆಗಲಿಲ್ಲವಾದುದರಿಂದ ಕುದುರೆಗೂ ಹಾಕಬಹುದೆಂಬ ತರ್ಕವು ಇಲ್ಲಿ ಸಲ್ಲದು.

ಮೂರನೆಯದು ಯಕೃತ್ತಿನ ಕೇಡು. ಕ್ರೋಟಲೇರಿಯಾ ಜಾತಿಯ ಕೆಲವು ಕಾಡುಗಿಡಗಳನ್ನು ಬಹುದಿನ ಮೇಯ್ದ ಕುದುರೆಗಳಲ್ಲಿ ಯಕೃತ್ತು ಕೆಟ್ಟು, ರಕ್ತದಲ್ಲಿ ಸೇರಿದ ಕಲ್ಮಷಗಳು ಮಿದುಳನ್ನು ಮುಸುಕುತ್ತವೆ. ಆಸ್ಟ್ರೇಲಿಯಾದ ಕಿಂಬರ್ಲಿ ಪ್ರಾಂತದಲ್ಲಿ ಈ ರೋಗ ಬಂದ ಕುದುರೆಗಳು ಎದುರಿಗೆ ಅಡ್ಡಿ ಬರುವವರೆಗೂ ಗುರಿಯಿಲ್ಲದೆ ನಡೆಯುತ್ತಲೇ ಇರುವುದರಿಂದ ಅಲ್ಲಿನವರು ಇದನ್ನು ನಡೆದಾಟದ ರೋಗವೆಂದೇ ಕರೆದರು.

ನಾಲ್ಕನೆಯದು ಸರ್ರಾ. ಕಚ್ಚುವ ದೊಡ್ಡ ನೊಣಗಳ ಮೂಲಕ ಹರಡುವ ಈ ರೋಗದ ಸೂಕ್ಷ್ಮಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕುದುರೆಗಳ ಮತ್ತು ಒಂಟೆಗಳ ರಕ್ತದಲ್ಲಿ ಕಂಡುಹಿಡಿದರು. ಬಿಟ್ಟುಬಿಟ್ಟು ಬರುವ ಜ್ವರ, ಕ್ಷೀಣತೆ, ಕಾಲಿನ ಮತ್ತು ಹೊಟ್ಟೆಯಡಿಯ ಊತ ಇದರ ಮುಖ್ಯ ಗುರುತುಗಳು. ಕೊನೆಗೆ ಮಿದುಳೂ ತೊಡಕಿಗೊಳಗಾಗಬಹುದು. ಇದಕ್ಕೆ ಔಷಧವುಂಟು.

ಇಷ್ಟಲ್ಲದೆ, ಬರಿಯ ನೋವಿನಿಂದಲೂ ಕುದುರೆಯು ಸಿಡುಕಬಹುದು. ಜೀನು ಒತ್ತಿ ಬೆನ್ನು ಹುಣ್ಣಾಗಿರಬಹುದು, ಹಲ್ಲು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತಿರಬಹುದು, ಲಾಳದ ಮೊಳೆಯು ಜೀವಕ್ಕೆ ತಾಗಿರಬಹುದು. ಇವುಗಳನ್ನೂ ಪಶುವೈದ್ಯರಿಂದ ನೋಡಿಸಬೇಕು.

ಪರೀಕ್ಷೆ ಮತ್ತು ಚಿಕಿತ್ಸೆ

ಬದುಕಿರುವ ಕುದುರೆಯ ತಲೆಯೊಳಗಿನ ಗಂಟನ್ನು ನಿಶ್ಚಯವಾಗಿ ಕಾಣಲು ಸಿ.ಟಿ. ಅಥವಾ ಎಂ.ಆರ್.ಐ. ಯಂತ್ರಗಳು ಬೇಕು. ಅಷ್ಟು ದೊಡ್ಡ ಪ್ರಾಣಿಯ ತಲೆಯು ಹಿಡಿಸುವಂಥ ಯಂತ್ರಗಳು ಕೆಲವೇ ಕಡೆ ಇರುವುದರಿಂದಲೂ, ಬಹಳ ಮಟ್ಟಿಗೆ ಅರಿವಳಿಕೆ ಕೊಟ್ಟು ಮಲಗಿಸಬೇಕಾಗುವುದರಿಂದಲೂ, ಈ ಪರೀಕ್ಷೆಯು ಎಲ್ಲರಿಗೂ ಎಟುಕುವುದಲ್ಲ. ಆದುದರಿಂದ ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ, ಯಕೃತ್ತಿನ ಸ್ಥಿತಿಯನ್ನು ನೋಡಿ, ಮೇವನ್ನು ವಿಚಾರಿಸಿ, ಇತರ ರೋಗಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಗಂಟಿನ ಅನುಮಾನಕ್ಕೆ ಬರುತ್ತಾರೆ. ಈ ಕಾರ್ಯದಲ್ಲಿ ಅವರಿಗೆ ಅತ್ಯಂತ ಸಹಾಯಕವಾದುದು ಒಡೆಯನ ನೆನಪು. ಬದಲಾವಣೆಯು ಎಂದು ಮೊದಲಾಯಿತು, ಯಾವ ಕಡೆಗೆ ಸುತ್ತಿತು, ಏನು ತಿಂದಿತ್ತು, ನಾಯಿ ಕಚ್ಚಿತ್ತೇ ಎಂಬುದನ್ನು ತಾರೀಖು ಸಹಿತ ಬರೆದಿಟ್ಟರೆ ಅರ್ಧ ರೋಗನಿರ್ಣಯವಾದಂತೆಯೇ.

ಕೊಲೆಸ್ಟೆರಾಲ್ ಗಂಟಿಗೆ ವಾಸಿಮಾಡುವ ಔಷಧವಿಲ್ಲ. ಊತವನ್ನಿಳಿಸುವ ಸ್ಟಿರಾಯಿಡ್ ಔಷಧಗಳಿಂದ ಕೆಲಕಾಲ ಗುಣ ಕಾಣಬಹುದು. ಆದರೆ ಅವು ಗೊರಸಿನ ಉರಿಯೂತವನ್ನು ತರಬಹುದಾದುದರಿಂದ ಅಂಗಡಿಯಿಂದ ತಂದು ತಾವಾಗಿಯೇ ಕೊಡಬಾರದು. ಮೂರ್ಛೆಗಳು ಪದೇ ಪದೇ ಬಂದು ಕುದುರೆಯು ತನಗೂ ಇತರರಿಗೂ ಅಪಾಯಕರವಾದಾಗ, ಪಶುವೈದ್ಯರ ಕೈಯಿಂದ ನೋವಿಲ್ಲದ ಮರಣವನ್ನು ಕೊಡಿಸುವುದೇ ಕರುಣೆಯ ಮಾರ್ಗ. ಬಹುಕಾಲ ದುಡಿದ ಪ್ರಾಣಿಯನ್ನು ಹಾದಿಯಲ್ಲಿ ಬಿಟ್ಟುಬಿಡುವುದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದಂತೆ ಪಶುವನ್ನು ಹೊಡೆದು ಹಿಂಸಿಸುವುದೂ, ನಿರ್ಗತಿಕವಾಗಿ ತೊರೆಯುವುದೂ ಅಪರಾಧಗಳಾಗಿವೆ.

ಗ್ರಾಮದಲ್ಲಿ ಮಾಡತಕ್ಕ ಕೆಲಸಗಳು

1. ಕುದುರೆಯ ಗುಣವು ಇದ್ದಕ್ಕಿದ್ದಂತೆ ಬದಲಾದರೆ ಅದನ್ನು ಗಟ್ಟಿಯಾದ ಕಟ್ಟೆಯೊಳಗೆ, ಇತರ ಪಶುಗಳಿಂದಲೂ ಮಕ್ಕಳಿಂದಲೂ ದೂರವಿರಿಸಬೇಕು. ಗೋಡೆಯ ಬಳಿ ಕಲ್ಲು, ಮೊಳೆ, ಹಳ್ಳಗಳಿರಬಾರದು.

2. ಒಬ್ಬರೇ ಹತ್ತಿರ ಹೋಗಬಾರದು. ಬಾಯಿಗೆ ಕೈ ಹಾಕಬಾರದು. ಬಲವಂತವಾಗಿ ಗೊಟ್ಟದಿಂದ ಔಷಧ ಕುಡಿಸಬಾರದು. ನುಂಗಲಾರದ ಪ್ರಾಣಿಯ ಶ್ವಾಸಕೋಶಕ್ಕೆ ಅದು ಇಳಿದುಹೋಗುತ್ತದೆ.

3. ಮೇವನ್ನು ಬದಲಾಯಿಸಿ, ಸಂಶಯವಿರುವ ಧಾನ್ಯವನ್ನು ಪರೀಕ್ಷೆಗಾಗಿ ಸ್ವಲ್ಪ ತೆಗೆದಿಟ್ಟು ಮಿಕ್ಕುದನ್ನು ಕುದುರೆಗೆ ಸಿಗದಂತೆ ಮಾಡಬೇಕು.

4. ಹತ್ತಿರದ ಪಶು ಆಸ್ಪತ್ರೆಗೆ ಒಡನೆಯೇ ತಿಳಿಸಬೇಕು. ಸಂಚಾರಿ ಪಶುಚಿಕಿತ್ಸೆಗಾಗಿ 1962 ಎಂಬ ದೂರವಾಣಿ ಸಂಖ್ಯೆಯು ಏರ್ಪಟ್ಟಿದೆ.

5. ಕುದುರೆಯು ಯಾರನ್ನಾದರೂ ಕಚ್ಚಿದರೆ, ಅಥವಾ ಅದರ ಜೊಲ್ಲು ಗಾಯಕ್ಕಾಗಲಿ ಕಣ್ಣಿಗಾಗಲಿ ಬಾಯಿಗಾಗಲಿ ತಗುಲಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಕಣ್ಣು ಬಾಯಿಗಳನ್ನು ಬರಿಯ ನೀರಿನಿಂದ ತೊಳೆಯಬೇಕು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ರೋಗವು ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಭರವಸೆಯ ಔಷಧವಿಲ್ಲ. ಮುಂಚೆಯೇ ಪಡೆದ ಲಸಿಕೆಯೇ ರಕ್ಷೆ.

6. ಕುದುರೆಯು ಸತ್ತರೆ ತಲೆಯನ್ನು ಊರಿನಲ್ಲಿ ಕೊಯ್ಯಬಾರದು, ಚರ್ಮವನ್ನು ಸುಲಿಯಬಾರದು. ಮಿದುಳಿನ ಪರೀಕ್ಷೆಯನ್ನು ಪಶುವೈದ್ಯರೇ ಏರ್ಪಡಿಸಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪರೀಕ್ಷೆಯ ಪ್ರಯೋಗಶಾಲೆಯಿದೆ. ಅಲ್ಲಿಂದ ಬರುವ ಉತ್ತರವು ಸತ್ತ ಕುದುರೆಗೆ ಪ್ರಯೋಜನವಿಲ್ಲದಿದ್ದರೂ ಅದನ್ನು ಮುಟ್ಟಿದವರಿಗೆಲ್ಲ ಪ್ರಯೋಜನಕರ. ಆದರೆ ಆ ಉತ್ತರ ಬರುವವರೆಗೂ ಲಸಿಕೆಯನ್ನು ತಡೆಹಿಡಿಯಬಾರದು.

7. ನಡತೆ ಕೆಟ್ಟ ಕುದುರೆಯನ್ನು ಕಾರಣ ತಿಳಿಯುವವರೆಗೂ ಮಾರಬಾರದು. ಇಂದು ಮಂಕಾಗಿ ನಿಂತಿರುವ ಕುದುರೆಯು ನಾಳೆ ಕೊಂಡವನ ಮಗುವನ್ನು ಹೊತ್ತು ಹೋಗುವಾಗ ಮೂರ್ಛೆ ಬಂದು ಬೀಳಬಹುದು.

8. ಊರಿನ ನಾಯಿಗಳಿಗೂ, ಕುದುರೆಗಳಿಗೂ ಪ್ರತಿವರ್ಷ ರೇಬೀಸ್ ಲಸಿಕೆಯನ್ನು ಹಾಕಿಸಬೇಕು.

ಉಪಸಂಹಾರ

ಮೇಲ್ಕಂಡ ಕ್ರಮಗಳಲ್ಲಿ ಒಂದಾದರೂ ದುಬಾರಿಯಾದುದಲ್ಲ. ಆದರೆ ಬಡ ಕುರುಬನಾಗಲಿ ಟಾಂಗಾವಾಲನಾಗಲಿ ತನ್ನ ಒಂದೇ ಕುದುರೆಯನ್ನು ದುಡಿಮೆಯಿಂದ ಬಿಡಿಸಿ ಕಟ್ಟಿಹಾಕಲು ಹಿಂದೆಮುಂದೆ ನೋಡುವುದು ಸಹಜ. ಅಂಥವನಿಗೆ ಗದರಿಕೆಯಿಂದ ಪ್ರಯೋಜನವಿಲ್ಲ. ಆ ಕೆಲವು ದಿನ ಅವನ ಹೊರೆಯನ್ನು ಹೊರಲು ಊರಿನವರು ಒಂದು ಬಂಡಿಯನ್ನು ಕೊಟ್ಟರೆ ಪ್ರಯೋಜನವುಂಟು. ಗ್ರಾಮದ ಮುಖಂಡರೂ ಜಮೀನುದಾರರೂ ನಡೆಸಿಕೊಡಬೇಕಾದ ಕಾರ್ಯವು ಇದೇ. ಅವರ ಮಾತಿಗೆ ಊರಿನಲ್ಲಿ ಬೆಲೆಯಿರುವುದರಿಂದ, ಕುದುರೆಗೆ ದೆವ್ವ ಹಿಡಿಯಿತೆಂದೋ ಅದರ ಸುಳಿ ಕೆಟ್ಟದೆಂದೋ ಜನರು ಹೇಳಿದಾಗ, ಇದು ತಲೆಯೊಳಗಿನ ವ್ಯಾಧಿಯಿರಬಹುದು, ವೈದ್ಯರು ಬರಲಿ, ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಬೇಡಿರಿ ಎಂದು ಅವರು ಆಡುವ ಒಂದು ಮಾತಿನಿಂದ ಮೂಕಪ್ರಾಣಿಯೊಂದು ಚಾವಟಿಯಿಂದ ಪಾರಾಗುತ್ತದೆ. ಮನುಷ್ಯನೊಬ್ಬನ ಜೀವವೂ ಉಳಿಯಬಹುದು. ಬಾಯಿಲ್ಲದ ಪ್ರಾಣಿಯು ತನ್ನ ತಲೆನೋವನ್ನು ನಡತೆಯ ಮೂಲಕವಲ್ಲದೆ ಬೇರೆ ಯಾವ ರೀತಿಯಲ್ಲಿಯೂ ಹೇಳಲಾರದು. ಅದನ್ನು ಕೇಳಿಸಿಕೊಳ್ಳುವುದು ಸಾಕಿದವರ ಕರ್ತವ್ಯ.